ಮುನ್ನೂರು ಜನ, ಮೇಲಿಂದ ನಮ್ಮವರು

ಮಳೆ ಚೂರು ಹೊಳವಾಯಿತೆಂದರೆ ಸಾಕು, ಮಂಗಳೂರಿನ ಫಳ್ನೀರಿನವರಿಗೆ ಗುಡ್ಡದ ಹುಚ್ಚು ಹಿಡಿಯುತ್ತದೆ.

ನಮ್ಮ ಊರೇ ಏರು ತಗ್ಗಿನ ಊರು. ಏರನ್ನು ಜೆಸಿಬಿ ತಂದು ಕೆರೆದೆವು. ಆ ಮಣ್ಣನ್ನು ತಗ್ಗಿಗೆ ಸುರಿದೆವು. ಎರಡರ ಮೇಲೂ ಫ್ಲಾಟು ಎಬ್ಬಿಸಿದೆವು. ಈಗ ಅದೇ ಫ್ಲಾಟಿನ ಬಾಲ್ಕನಿಯಲ್ಲಿ ನಿಂತು, "ಈ ಊರಲ್ಲಿ ಉಸಿರು ಕಟ್ತದೆ ಮಾರಾಯ, ಎಲ್ಲಾದ್ರೂ ಕಾಡಿಗೆ ಹೋಗ್ಬೇಕು" ಎನ್ನುತ್ತೇವೆ. ಮನೆಯೆದುರಿನ ಗುಡ್ಡವನ್ನು ತಿಂದು ತೇಗಿದವರಿಗೆ ಈಗ ಘಟ್ಟದ ಗುಡ್ಡದ ಹಸಿವು.

ಕುದುರೆಮುಖ ಇಲ್ಲಿಂದ ನೂರು ಕಿಲೋಮೀಟರ್ ಆಸುಪಾಸು. ಕಾರ್ಕಳ ದಾಟಿ, ಮಾಳದಲ್ಲಿ ಘಟ್ಟ ಹತ್ತಿದರೆ ಆಯಿತು. ಕುಮಾರ ಪರ್ವತಕ್ಕೆ ಸುಬ್ರಹ್ಮಣ್ಯದ ದಾರಿ, ಅದೂ ಹೆಚ್ಚು ಕಡಿಮೆ ಅಷ್ಟೇ ದೂರ. ಒಂದು ರಾಷ್ಟ್ರೀಯ ಉದ್ಯಾನ, ಇನ್ನೊಂದು ಪುಷ್ಪಗಿರಿ ವನ್ಯಧಾಮ. ಎರಡೂ 2012ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಇದೆಲ್ಲ ನಮಗೆ ಗೊತ್ತಿಲ್ಲವೆಂದಲ್ಲ. ಸ್ಟೇಟಸ್ಸಿಗೆ ಹಾಕುವಾಗ ಬೇಕಾಗುತ್ತದೆ.

ಹೊರಡುವ ಮಾತು ಬಂದ ಕೂಡಲೇ ವಾಟ್ಸಾಪ್ ಗ್ರೂಪು ಹುಟ್ಟುತ್ತದೆ. ಅದರಲ್ಲಿ ಪ್ರಶ್ನೆಗಳು ಬರುವ ಕ್ರಮ ನೋಡಬೇಕು.

ಅಲ್ಲಿ ನೆಟ್‌ವರ್ಕ್ ಉಂಟಾ? ಜೀಪು ಎಲ್ಲಿವರೆಗೆ ಹೋಗ್ತದೆ? ಕೋಳಿ ಸುಕ್ಕ ಕಟ್ಟಿಕೊಂಡು ಹೋಗುವುದಾ, ಹೋಮ್‌ಸ್ಟೇಯಲ್ಲೇ ಮಾಡಿಸುವುದಾ? ಡ್ರೋನ್ ಬಿಡ್ಲಿಕ್ಕೆ ಆಗ್ತದಾ? ರಾತ್ರಿ ಮೇಲೆ ಉಳ್ಕೊಳ್ಳಿಕ್ಕೆ ಬಿಡ್ತಾರಾ? "ಅದು" ತಗೊಂಡು ಹೋಗ್ಲಿಕ್ಕೆ ಚೆಕ್‌ಪೋಸ್ಟಲ್ಲಿ ತೊಂದರೆ ಉಂಟಾ?

ಚಾರಣ ಈ ತಿಂಗಳು ತೆರೆದಿದೆಯೇ ಎಂದು ಒಬ್ಬನೂ ಕೇಳುವುದಿಲ್ಲ. ಮಳೆ ಎಷ್ಟು ಎಂದು ಕೇಳುವುದಿಲ್ಲ. ಉಂಬಳದ ನೆನಪಾಗುವುದು ಅದು ಕಾಲ್ಚೀಲದೊಳಗೆ ಕೂತ ಮೇಲೆ. ಕುದುರೆಮುಖದ ಎತ್ತರ 1,890 ಮೀಟರಿಗೂ ಚೂರು ಹೆಚ್ಚು. ಮುಳ್ಳೋಡಿಯಿಂದ ಹತ್ತಿ ಇಳಿಯಲು 20 ಕಿಲೋಮೀಟರ್ ಆಸುಪಾಸು ನಡೆಯಬೇಕು. ಗ್ರೂಪಿನಲ್ಲಿರುವವರು ಫಳ್ನೀರಿನಿಂದ ಕಂಕನಾಡಿ ಮಾರ್ಕೆಟಿಗೆ ರಿಕ್ಷಾ ಹಿಡಿಯುವವರು.

ಇವರ ಭಾಷೆಯಲ್ಲಿ ಇದಕ್ಕೆ ಪ್ಲಾನಿಂಗ್ ಎಂದು ಹೆಸರು.

ಕೊನೆಗೆ ಯಾರೋ ಒಬ್ಬ ಬುದ್ಧಿವಂತ ಇಲಾಖೆಯ ಜಾಲತಾಣ ತೆರೆದು ನೋಡುತ್ತಾನೆ. ವಾರಾಂತ್ಯದ ಟಿಕೆಟ್ ಖಾಲಿ. ಒಂದು ಚಾರಣದ ದಾರಿಗೆ ದಿನಕ್ಕೆ 300 ಜನ, ಅಷ್ಟೇ. ಗ್ರೂಪಿನಲ್ಲಿ ಒಂದು ಕ್ಷಣ ಮೌನ. ಆಮೇಲೆ ಆ ಅಮರ ವಾಕ್ಯ ಬಂದೇ ಬರುತ್ತದೆ.

"ಅದೆಂತ ದೊಡ್ಡ ವಿಷಯ ಮಾರಾಯ್ರೆ? ಫಾರೆಸ್ಟಲ್ಲಿ ನಮ್ಮವರು ಒಬ್ಬರು ಉಂಟು."

ಎಲ್ಲರಿಗೂ ಒಬ್ಬರು "ನಮ್ಮವರು" ಇದ್ದಾರೆ. ಭಾವನ ಕ್ಲಾಸ್‌ಮೇಟು. ಬಾಡಿಗೆಯವರ ಅಣ್ಣ. ಶಾಸಕರ ಪಿಎಗೆ ಪರಿಚಯದವರು. ಮುನ್ನೂರರ ಮಿತಿ ಉಳಿದವರಿಗೆ. ನಾವು ಆ ಲೆಕ್ಕದಲ್ಲಿ ಬರುವವರಲ್ಲ.

ಈ ಮುನ್ನೂರು ಎಲ್ಲಿಂದ ಬಂತು ಎಂಬುದನ್ನು ಮರೆತವರಿಗೆ ನೆನಪಿಸುತ್ತೇನೆ. 2024ರ ಜನವರಿ. ಗಣರಾಜ್ಯೋತ್ಸವ ಶುಕ್ರವಾರ ಬಂತು, ಜೊತೆಗೆ ಶನಿವಾರ, ಭಾನುವಾರ. ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಜನ ಜಮಾಯಿಸಿದರು. ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದ ಸಾಲು. ಮುಂದೆ ಹೋಗಲು ಜಾಗವಿಲ್ಲ, ಹಿಂದೆ ಬರಲು ದಾರಿಯಿಲ್ಲ. ಆ ವಿಡಿಯೋ ನಾಡೆಲ್ಲ ಸುತ್ತಿತು. ಕುಕ್ಕೆಯಲ್ಲಿ ಷಷ್ಠಿಯ ತೇರಿಗೂ ಇಷ್ಟು ನೂಕುನುಗ್ಗಲು ಇರುತ್ತದೋ ಇಲ್ಲವೋ. ತೇರಿಗಾದರೆ ಪೊಲೀಸರಿರುತ್ತಾರೆ.

ಅರಣ್ಯ ಸಚಿವ ಈಶ್ವರ ಖಂಡ್ರೆ ಚಾರಣ ನಿಲ್ಲಿಸಿದರು. ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವೇ ಇಲ್ಲ ಎಂದರು. ಆಮೇಲೆ ಮಿತಿ ಬಂತು, ಅದೇ ವರ್ಷ ಟಿಕೆಟಿಗೆ 'ಅರಣ್ಯ ವಿಹಾರ' ಎಂಬ ಜಾಲತಾಣ ಬಂತು. ತಡವಾಗಿ ಬಂದರೂ ಸರಿಯಾದ ಕೆಲಸ.

ಆಗ ಕೂಗು ಕೇಳಬೇಕಿತ್ತು. "ಪ್ರಕೃತಿ ನೋಡ್ಲಿಕ್ಕೂ ದುಡ್ಡಾ? ಕಾಡು ಇವರಪ್ಪನದ್ದಾ?" ಹೀಗೆ ಕೂಗಿದವರೇ ಮಾಲ್‌ನಲ್ಲಿ ಸಿನೆಮಾ ಟಿಕೆಟಿಗಿಂತ ದುಬಾರಿ ಪಾಪ್‌ಕಾರ್ನ್ ಕೊಂಡು ತುಟಿ ಪಿಟಕ್ಕೆನ್ನದೆ ತಿನ್ನುವವರು. ಮಾಲಿನ ಬಾಗಿಲಲ್ಲಿ ಕಾವಲಿನವನು ಚೀಲ ತೆರೆಯಿರಿ ಎಂದರೆ ತೆರೆಯುತ್ತಾರೆ. ಕಾಡಿನ ಬಾಗಿಲಲ್ಲಿ ವಾಚರ್ ಚೀಲ ತೆರೆಯಿರಿ ಎಂದರೆ ಸ್ವಾಭಿಮಾನಕ್ಕೆ ಪೆಟ್ಟು ಬೀಳುತ್ತದೆ.

ಅಪ್ಪನದ್ದಾ ಎಂದು ಕೇಳಿದ್ದೀರಲ್ಲ, ಅಲ್ಲಿಗೇ ಹೋಗೋಣ. ಕುದುರೆಮುಖ ಒಂದು ಕಾಲದಲ್ಲಿ ನಿಜವಾಗಿಯೂ ಒಂದು ಕಂಪನಿಯ ಕೈಯಲ್ಲಿತ್ತು.

ಇರಾನಿನ ಶಾ ದುಡ್ಡು ಕೊಡುತ್ತೇನೆಂದ, ಅದಿರು ಕೊಳ್ಳುತ್ತೇನೆಂದ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಅದಿರು ಹೊರಡುವಷ್ಟರಲ್ಲಿ ಶಾ ಸಿಂಹಾಸನ ಬಿಟ್ಟು ಓಡಿದ್ದ. ಗಿರಾಕಿ ಹೋದ, ಗಣಿ ಉಳಿಯಿತು. ಗುಡ್ಡ ಅಗೆದು, ಪುಡಿ ಮಾಡಿ, ನೀರಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ನಮ್ಮ ಪಣಂಬೂರಿಗೆ ಇಳಿಸಿದರು. ಉಳಿದ ರಾಡಿಯನ್ನು ಅಲ್ಲೇ ಲಖ್ಯಾ ಹೊಳೆಗೆ ಅಣೆಕಟ್ಟು ಕಟ್ಟಿ ತುಂಬಿದರು. ಮಳೆಗಾಲದಲ್ಲಿ ಭದ್ರಾ ಕೆಂಪಾಗಿ ಹರಿದಳು.

ಗಣಿ ನಡೆಯುತ್ತಿರುವಾಗಲೇ, 1987ರಲ್ಲಿ, ಸುತ್ತಲಿನ ಕಾಡನ್ನು ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿದರು. ಅಲ್ಲಿ ಸಿಂಗಳೀಕಗಳಿದ್ದವು, ಶೋಲಾ ಕಾಡಿತ್ತು, ಹುಲ್ಲುಗಾವಲಿತ್ತು. ಉಲ್ಲಾಸ ಕಾರಂತರು ಸಿಂಗಳೀಕಗಳ ಬೆನ್ನು ಹತ್ತಿ ಅಧ್ಯಯನ ಮಾಡಿದ್ದರ ಫಲ ಅದು. ಒಂದು ಕಡೆ ಸಿಂಗಳೀಕಕ್ಕೆ ರಕ್ಷಣೆ. ಪಕ್ಕದಲ್ಲೇ ಡೈನಮೈಟ್. ಎರಡಕ್ಕೂ ಸಹಿ ಸರ್ಕಾರದ್ದೇ.

1999ರಲ್ಲಿ ಗಣಿಯ ಗುತ್ತಿಗೆ ಮುಗಿಯಿತು. ಗಣಿ ಮುಗಿಯಲಿಲ್ಲ. ಆಗ ನಮ್ಮ ಮಂಗಳೂರಿನ ಎಷ್ಟು ಜನ ಗುಡ್ಡದ ಪರ ಮಾತಾಡಿದರು? ಕಂಪನಿಯಲ್ಲಿ ಕೆಲಸ, ಬಂದರಿಗೆ ಆದಾಯ, ಲಾರಿಗೆ ಬಾಡಿಗೆ. "ಅಭಿವೃದ್ಧಿ ಬೇಡವಾ?" ಎಂದು ಹೋರಾಟಗಾರರನ್ನೇ ಗದರಿಸಿದೆವು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ. ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿನ ಕಟ್ಟೆ ಹತ್ತಿದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು. ಆ ಮನುಷ್ಯ 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಕುಮಾರ ಪರ್ವತದ ಆ ಜಾತ್ರೆಯ ವಿಡಿಯೋ ಬಂದು ಒಂದು ತಿಂಗಳಾಗಿತ್ತು. ನೋಡಿದ್ದರೋ ಏನೋ.

ಇಂದು ಅದೇ ಗುಡ್ಡದಲ್ಲಿ ಬಿಸ್ಕತ್ತಿನ ಕವರು ಬಿಸಾಡಿದರೆ ದಂಡ. ಹಾಕಲಿ. ಎರಡು ಪಟ್ಟು ಹಾಕಲಿ. ಆದರೆ ಗುಡ್ಡವನ್ನೇ ಕೊಳವೆಯಲ್ಲಿ ಇಳಿಸಿಕೊಂಡು ಹೋದವರಿಗೆ ಇಪ್ಪತ್ತೈದು ವರ್ಷ ಸಲಾಮು ಹೊಡೆದ ವ್ಯವಸ್ಥೆ ಇದೇ ಎಂಬುದನ್ನು ಚೆಕ್‌ಪೋಸ್ಟಿನ ಬೋರ್ಡಿನಲ್ಲಿ ಯಾರೂ ಬರೆದಿಲ್ಲ.

ಇನ್ನು ಗುಡ್ಡದಲ್ಲೇ ಹುಟ್ಟಿದವರ ಕಥೆ.

ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಸೆರಗಿನ ಊರು. ಬುಡಕಟ್ಟಿನವರಾದ ಮಲೆಕುಡಿಯರ ಮನೆಗಳು ಕಾಡಿನೊಳಗೆ ಚದುರಿಕೊಂಡಿವೆ. ಉದ್ಯಾನ ಆಮೇಲೆ ಬಂತು, ಅವರು ಅದಕ್ಕಿಂತ ಎಷ್ಟೋ ತಲೆಮಾರು ಮೊದಲು ಬಂದವರು. ರಸ್ತೆ ಕೇಳಿದರು. ಅರಣ್ಯ ಕಾಯ್ದೆ ತೋರಿಸಿದರು. ಸೇತುವೆ ಕೇಳಿದರು. ಅದೇ ಕಾಯ್ದೆ. ಹುಷಾರಿಲ್ಲದವರನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ತಂದರು, ಅದಕ್ಕೆ ಮಾತ್ರ ಯಾವ ಕಾಯ್ದೆಯೂ ಅಡ್ಡ ಬರಲಿಲ್ಲ. ಊರು ಬಿಡಿ, ಪರಿಹಾರ ಕೊಡುತ್ತೇವೆ ಎಂದರು. ಬಿಡುವುದಿಲ್ಲ ಎಂದವರ ಮೇಲೆ ಅನುಮಾನದ ಕಣ್ಣು ಬಿತ್ತು.

ಈ ಘಟ್ಟದ ತಪ್ಪಲಿಗೆ ನಕ್ಸಲರು ಬಂದದ್ದೂ ಒಕ್ಕಲೆಬ್ಬಿಸುವ ಭಯವನ್ನೇ ಬಂಡವಾಳ ಮಾಡಿಕೊಂಡು. 2003ರಲ್ಲಿ ಕಾರ್ಕಳದ ಈದುವಿನಲ್ಲಿ ಪೊಲೀಸರ ಗುಂಡು ಹಾರಿತು, ಇಬ್ಬರು ಹೆಣ್ಣುಮಕ್ಕಳು ಸತ್ತರು. ಆಮೇಲೆ ಎರಡು ದಶಕ ಆ ಊರುಗಳಿಗೆ ಬಂದ ಸರ್ಕಾರವೆಂದರೆ ಹೆಚ್ಚಾಗಿ ಖಾಕಿ ತೊಟ್ಟ ಸರ್ಕಾರ. 2012ರಲ್ಲಿ ಕುತ್ಲೂರಿನ ಒಬ್ಬ ಹುಡುಗನನ್ನು ಹಿಡಿದರು. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದವನು. ಅವನ ಬಳಿ ಸಿಕ್ಕಿದ ಸಾಕ್ಷ್ಯಗಳಲ್ಲಿ ಭಗತ್ ಸಿಂಗನ ಪುಸ್ತಕವೂ ಒಂದು. ಖುಲಾಸೆಯಾದದ್ದು 2021ರಲ್ಲಿ. ತಂದೆಯನ್ನೂ ಬಿಟ್ಟಿರಲಿಲ್ಲ, ಅವರೂ ಆರೋಪಿಯೇ. ಒಂಬತ್ತು ವರ್ಷ ಕೋರ್ಟಿಗೆ ಅಲೆದದ್ದಕ್ಕೆ ಯಾರೂ ಪರಿಹಾರದ ಮಾತೆತ್ತಲಿಲ್ಲ.

ಈಗ ನಗಬೇಡಿ. 2024ರ ಸೆಪ್ಟೆಂಬರಿನಲ್ಲಿ, ವಿಶ್ವ ಪ್ರವಾಸೋದ್ಯಮ ದಿನದಂದು, ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಅದೇ ಕುತ್ಲೂರಿಗೆ ಪ್ರಶಸ್ತಿ ಕೊಟ್ಟಿತು. ದೇಶದ ಅತ್ಯುತ್ತಮ ಪ್ರವಾಸೋದ್ಯಮ ಗ್ರಾಮ. ಯಾವ ವಿಭಾಗದಲ್ಲಿ ಗೊತ್ತೇ? ಸಾಹಸ.

ಅದರಲ್ಲಿ ತಪ್ಪೇನೂ ಇಲ್ಲ ಬಿಡಿ. ಜ್ವರ ಬಂದ ಮುದುಕಿಯನ್ನು ಕಂಬಳಿಯಲ್ಲಿ ಕಟ್ಟಿ, ತುಂಬಿದ ಹೊಳೆಯ ಕಾಲುಸಂಕ ದಾಟಿಸಿ, ಆಸ್ಪತ್ರೆಗೆ ಮುಟ್ಟಿಸುವುದು ಸಾಹಸವಲ್ಲದೆ ಮತ್ತೇನು?

ಮಲವಂತಿಗೆಯ ಎಳನೀರಿನವರ ಪಾಡೂ ಇಷ್ಟೇ. ಹೆಸರಿಗೆ ಬೆಳ್ತಂಗಡಿ ತಾಲ್ಲೂಕು. ಘಟ್ಟದ ಮೇಲಿನ ಊರು. ಇಳಿದು ದಿಡುಪೆಗೆ ಬಂದರೆ ತಾಲ್ಲೂಕು ಕಚೇರಿ ಹತ್ತಿರ. ಆದರೆ ನಡುವಿನ ದಾರಿ ಉದ್ಯಾನದ್ದು. ಒಂದು ಪಹಣಿಗೆ ಘಟ್ಟ ಸುತ್ತಿ ಬರಬೇಕು. ಅವರು ದಶಕಗಳಿಂದ ದಿಡುಪೆಯ ರಸ್ತೆ ಕೇಳುತ್ತಿದ್ದಾರೆ. ರಸ್ತೆಯಾದರೆ ಕಾಡು ಹಾಳಾಗುತ್ತದೆ ಎಂಬ ವಾದ ನನಗೂ ಅರ್ಥವಾಗುತ್ತದೆ. ಅರ್ಥವಾಗದ್ದು ಒಂದೇ. ವಾರಾಂತ್ಯದಲ್ಲಿ ಸಾಲುಗಟ್ಟಿ ಏರುವ ಜೀಪುಗಳಿಂದ ಹಾಳಾಗದ ಕಾಡು, ಅವರ ಒಂದು ಆಂಬುಲೆನ್ಸಿನಿಂದ ಹೇಗೆ ಹಾಳಾಗುತ್ತದೆ?

ನಾವು ರಜೆ ಹಾಕಿ, ದುಡ್ಡು ಕೊಟ್ಟು, ಎರಡು ದಿನ ಅಲ್ಲಿಗೆ ಹೋಗಲು ಹಾತೊರೆಯುತ್ತೇವೆ. ಅಲ್ಲೇ ಇರುತ್ತೇವೆ ಎನ್ನುವವರನ್ನು ದುಡ್ಡು ಕೊಟ್ಟು ಎಬ್ಬಿಸುತ್ತೇವೆ. ಬಿಟ್ಟು ಹೋದ ಮನೆಯ ಜಗಲಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡು, "ಎಷ್ಟು ಶಾಂತ ಜಾಗ" ಎಂದು ಬರೆಯುತ್ತೇವೆ.

ಸರ್ಕಾರದ ಎರಡು ನಾಲಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಓದುಗರಿಗೂ ಬೇಸರ, ನನಗೂ ಬೇಸರ. ಆದರೆ ಒಂದೇ ವರ್ಷದ ಮೂರು ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2024ರಲ್ಲಿ ಚಾರಣಿಗರಿಗೆ ಮುನ್ನೂರರ ಮಿತಿ ಬಂತು, ಗುಡ್ಡ ತಾಳುವುದಿಲ್ಲ ಎಂದರು. ಅದೇ ಸೆಪ್ಟೆಂಬರಿನಲ್ಲಿ ನೇತ್ರಾವತಿಯ ಮೇಲ್ಹೊಳೆಗಳ ನೀರನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ ಸಕಲೇಶಪುರದಲ್ಲಿ ಬಾಗಿನ ಬಿಟ್ಟರು. ಅದೇ ಸೆಪ್ಟೆಂಬರಿನಲ್ಲಿ ಪಶ್ಚಿಮ ಘಟ್ಟದ ರಕ್ಷಣೆಯ ಕಸ್ತೂರಿರಂಗನ್ ವರದಿ ಬೇಡ ಎಂದು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ವಯನಾಡಿನಲ್ಲಿ ಗುಡ್ಡ ಜರಿದು ಎರಡು ತಿಂಗಳೂ ಆಗಿರಲಿಲ್ಲ. ಮುನ್ನೂರೊಂದನೆಯ ಮನುಷ್ಯನ ಕಾಲನ್ನು ತಾಳದ ಗುಡ್ಡ, ಹಿಟಾಚಿಗಳ ಸಾಲನ್ನು ತಾಳುತ್ತದಂತೆ. ಎತ್ತಿನಹೊಳೆಯ ಅಂದಾಜು 8,323 ಕೋಟಿಯಿಂದ 23,251 ಕೋಟಿಗೆ ಏರಿತು. ಏರುವುದರಲ್ಲಿ ಯಾವ ಚಾರಣಿಗನೂ ಅದರ ಹತ್ತಿರ ಸುಳಿಯಲಾರ.

ಇದರಲ್ಲಿ ಪಕ್ಷ ಹುಡುಕಬೇಡಿ. 2012ರಲ್ಲಿ ಆ ಯೋಜನೆಗೆ ಒಪ್ಪಿಗೆ ಕೊಟ್ಟದ್ದು ಬಿಜೆಪಿ ಸರ್ಕಾರ. 2014ರಲ್ಲಿ ಶಂಕುಸ್ಥಾಪನೆ ಮಾಡಿದ್ದು ಕಾಂಗ್ರೆಸ್ ಸರ್ಕಾರ. ನಡುವೆ ಮಂಗಳೂರಿನಲ್ಲಿ 'ನೇತ್ರಾವತಿ ಉಳಿಸಿ' ಮೆರವಣಿಗೆಯ ಮುಂದಿನ ಸಾಲಿಗೆ ನುಗ್ಗಿದ್ದು ಇಬ್ಬರೂ. ವಿಶ್ವ ಪರಂಪರೆಯ ಪಟ್ಟಿಗೆ ಘಟ್ಟ ಸೇರುವಾಗ ನಮಗೆ ಈ ಗೌರವ ಬೇಡ ಎಂದು ಹಟ ಹಿಡಿದದ್ದು ನಮ್ಮದೇ ರಾಜ್ಯ. ಪ್ರವಾಸೋದ್ಯಮದ ಜಾಹೀರಾತಿನಲ್ಲಿ ಆ ಹೆಸರನ್ನು ಈಗ ದಪ್ಪಕ್ಷರದಲ್ಲಿ ಹಾಕುವುದೂ ನಮ್ಮದೇ ರಾಜ್ಯ.

ನಾವು ಮಾತ್ರ ಸಾಚಾಗಳೇ? ಆ ಮೆರವಣಿಗೆಯಲ್ಲಿ ನಡೆದವರ ಮಕ್ಕಳೇ ಇಂದು ನೇತ್ರಾವತಿ ಪೀಕಿಗೆ ಟಿಕೆಟ್ ಸಿಗದ್ದಕ್ಕೆ ಕಾಲು ನೆಲಕ್ಕೆ ಬಡಿಯುವುದು.

ಫಳ್ನೀರಿನ ನಳ್ಳಿಯಲ್ಲಿ ಬರುವ ನೀರು ತುಂಬೆ ಡ್ಯಾಮಿನದು. ತುಂಬೆಗೆ ಬರುವುದು ನೇತ್ರಾವತಿ. ನೇತ್ರಾವತಿ ಹುಟ್ಟುವುದು ಈ ಘಟ್ಟದ ಶೋಲಾ ಕಾಡಿನಲ್ಲಿ, ಆ ಹುಲ್ಲಿನ ಬುಡದಲ್ಲಿ. ಮಳೆ ನೀರನ್ನು ಹೀರಿ, ಹಿಡಿದಿಟ್ಟು, ಬೇಸಿಗೆಯವರೆಗೆ ಚೂರುಚೂರೇ ಬಿಡುವುದು ಅದೇ ಹುಲ್ಲುಗಾವಲು. ಕುದುರೆಮುಖದ ದಾರಿಯ ಎಸ್.ಕೆ. ಬಾರ್ಡರಿನ ಹತ್ತಿರ ಕಾರು ನಿಲ್ಲಿಸಿ ನಾವು ರೀಲ್ಸಿಗಾಗಿ ಉರುಳುವುದೂ ಅದರ ಮೇಲೆಯೇ. ಕಾರು ನಿಲ್ಲಿಸಬಾರದು ಎಂಬ ಫಲಕದ ಬುಡದಲ್ಲೇ ನಿಲ್ಲಿಸಿರುತ್ತೇವೆ. ಫಲಕ ಚಂದ ಉಂಟು, ಫೋಟೋದಲ್ಲಿ ಬರಲಿ ಎಂದು.

2016ರಲ್ಲಿ, 2019ರಲ್ಲಿ, 2023ರಲ್ಲಿ ತುಂಬೆ ಒಣಗಿ ರೇಷನ್ ನೀರು ಬಂತು. ಟ್ಯಾಂಕರಿಗೆ ಕಾದೆವು, ಪಾಲಿಕೆಗೆ ಬೈದೆವು. ಗುಡ್ಡದ ನೆನಪು ಯಾರಿಗೂ ಆಗಲಿಲ್ಲ. ಗುಡ್ಡ ನೆನಪಾಗುವುದು ವೀಕೆಂಡಿಗೆ.

ಕಸದ ವಿಷಯವೂ ಹಾಗೇ. ಬೆಟ್ಟದಲ್ಲಿ ಪ್ಲಾಸ್ಟಿಕ್ ಹೆಕ್ಕುವ ಫೋಟೋಗೆ ಸಾವಿರ ಲೈಕು. ಫ್ಲಾಟಿನ ಕೆಳಗೆ ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದರೆ, "ಅದಕ್ಕೆಲ್ಲ ಯಾರಿಗೆ ಪುರ್ಸೊತ್ತುಂಟು?" ಬೇರೆ ಮಾಡದ ಆ ಕಸವೆಲ್ಲ ಪಚ್ಚನಾಡಿಗೆ ಹೋಗಿ ಗುಡ್ಡವಾಗಿ ಬೆಳೆಯಿತು. 2019ರ ಆಗಸ್ಟಿನಲ್ಲಿ ಆ ಗುಡ್ಡ ಜಾರಿ ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಕೂತಿತು. ಮಂಗಳೂರಿಗರು ಸ್ವಂತ ಕೈಯಿಂದ ಕಟ್ಟಿದ ಗುಡ್ಡ ಅದೊಂದೇ. ಅದಕ್ಕೆ ಚಾರಣ ಹೋಗುವುದಕ್ಕೆ ಮಿತಿಯಿಲ್ಲ, ಬುಕಿಂಗ್ ಬೇಡ, ವರ್ಷವಿಡೀ ತೆರೆದಿರುತ್ತದೆ. ಒಬ್ಬನೂ ಹೋಗುವುದಿಲ್ಲ.

ಚಾರ್ಮಾಡಿ ಘಾಟಿಯಲ್ಲಿ ಪೊಲೀಸರು ಪಾಪ ಎಲ್ಲ ಉಪಾಯ ಮಾಡಿ ಸೋತರು. ಬಂಡೆ ಹತ್ತಬೇಡಿ, ಜಾರುತ್ತದೆ ಎಂದು ಬೋರ್ಡು ಹಾಕಿದರು. ಬೈದರು. ದಂಡ ಹಾಕಿದರು. 2024ರ ಜುಲೈಯಲ್ಲಿ ಜಲಪಾತದ ಬಂಡೆಯ ಮೇಲೆ ಕುಣಿಯುತ್ತಿದ್ದವರ ಬಟ್ಟೆಗಳನ್ನೇ ಎತ್ತಿಕೊಂಡು ಹೊರಟರು. ಚಡ್ಡಿಯಲ್ಲಿ ಪ್ರಕೃತಿಪ್ರೇಮಿಗಳು ಜೀಪಿನ ಹಿಂದೆ ಓಡಿದರು, ಕೈ ಮುಗಿದರು. ಈ ನಾಡಿನಲ್ಲಿ ಕಾಡಿನ ಕಾನೂನು ಪೂರ್ತಿಯಾಗಿ ಜಾರಿಯಾದದ್ದನ್ನು ನಾನು ನೋಡಿದ್ದು ಆ ಒಂದು ವಿಡಿಯೋದಲ್ಲಿ.

ಇಷ್ಟು ಬೈಸಿಕೊಂಡ ಮೇಲೂ ಹೋಗುವ ಮನಸ್ಸಿದ್ದರೆ ಹೋಗಿ. ಬೇಡ ಎನ್ನಲು ನಾನ್ಯಾರು? ಆದರೆ ಪ್ಲಾನಿಂಗ್ ಮಾಡುವುದಾದರೆ ಸರಿಯಾಗಿ ಮಾಡಿ. ಮೊದಲು ಜಾಲತಾಣ ತೆರೆದು ಟಿಕೆಟ್ ಮಾಡಿ, ಆಮೇಲೆ ಹೋಮ್‌ಸ್ಟೇಗೆ ಮುಂಗಡ ಕೊಡಿ. ಗುರುತಿನ ಚೀಟಿ ಒಯ್ಯಿರಿ, ಟಿಕೆಟಿನಲ್ಲಿರುವ ಹೆಸರೂ ಚೀಟಿಯಲ್ಲಿರುವ ಹೆಸರೂ ಒಂದೇ ಇರಲಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ, ಜೋರು ಮಳೆಗೆ ಗಡಾಯಿಕಲ್ಲಿನಂಥ ಕಡೆಯೂ ಮುಚ್ಚುತ್ತಾರೆ. ಮುಚ್ಚಿದೆ ಎಂದರೆ ಮುಚ್ಚಿದೆ ಎಂದರ್ಥ. ಬೆಳಿಗ್ಗೆ ಬೇಗ ಹತ್ತಿ, ಹೇಳಿದ ಹೊತ್ತಿಗೆ ಇಳಿಯಿರಿ. ಗೈಡ್ ಹೇಳಿದ ದಾರಿ ಬಿಟ್ಟು ಕದಲಬೇಡಿ, ಮಂಜು ಇಳಿದರೆ ಮುಂದಿನವನ ಬೆನ್ನೂ ಕಾಣುವುದಿಲ್ಲ. ಬಾಯಾರಿದರೆ ಕುಡಿಯಿರಿ, ಬಾಟಲಿ ಮಾತ್ರ ಮನೆಗೆ ತನ್ನಿ. ಮಲೆಕುಡಿಯರ ಹೋಟೆಲೋ ಹೋಮ್‌ಸ್ಟೇಯೋ ಸಿಕ್ಕರೆ ಚೌಕಾಸಿ ಮಾಡದೆ ದುಡ್ಡು ಕೊಡಿ. ಅವರ ಮನೆಯೊಳಗೆ ಕೇಳದೆ ಕ್ಯಾಮೆರಾ ನುಗ್ಗಿಸಬೇಡಿ.

ಟಿಕೆಟ್ ಸಿಗಲಿಲ್ಲವೇ? ಪಣಂಬೂರಿಗೆ ಹೋಗಿ, ಸಮುದ್ರ ನೋಡಿ ಬನ್ನಿ.

ಮತ್ತೆ, ನಿಮಗೆ ಕೈ ಮುಗಿಯುತ್ತೇನೆ, ಆ ಬ್ಲೂಟೂತ್ ಸ್ಪೀಕರನ್ನು ಫಳ್ನೀರಿನಲ್ಲೇ ಬಿಟ್ಟು ಹೋಗಿ. ಸಿಂಗಳೀಕಕ್ಕೆ ನಿಮ್ಮ ಹಾಡು ಬೇಕಾಗಿಲ್ಲ.